ಕಾಣುವಷ್ಟು ಮಾತ್ರ

ಕಾರ್ಡು ಪೆಟ್ಟಿಗೆಯ ಸೀಳಿನಲ್ಲಿ ಜಾರಿ ತಳಕ್ಕೆ ತಾಗಿದ ಸದ್ದು ಕೇಳಿಸಿದ ಮೇಲೆಯೇ ತಾನು ಬರೆದದ್ದೇನೆಂದು ಅವಳಿಗೆ ಹೊಳೆಯಿತು. ನೀರು ಎಂದು ಬರೆದಿದ್ದಳು. ‘ಎಡದಿಂದ ಮೂರನೆಯ ಗಂಡಸು, ಸುಮಾರು ಇಪ್ಪತ್ತೈದು ವರ್ಷ, ಬಲಗೈಯಲ್ಲಿ ನೀರಿನ ಡಬ್ಬ.’ ಬೆರಳು ಸೀಳಿನೊಳಗೆ ಎರಡನೇ ಗೆಣ್ಣಿನವರೆಗೆ ಹೋಯಿತು, ಅಲ್ಲಿಂದಾಚೆ ಹೋಗಲಿಲ್ಲ. ಹೋಗಬಾರದೆಂದೇ ಅದನ್ನು ಅಷ್ಟು ಸಣ್ಣದಾಗಿ ಕೊರೆಸಿದ್ದರು. ಪಡಸಾಲೆಯಲ್ಲಿ ಯಾರೋ ಕೆಮ್ಮಿದರು. ಅವಳು ಕೈ ಹಿಂದಕ್ಕೆಳೆದುಕೊಂಡು ಪೆಟ್ಟಿಗೆಯ ಮೇಲಿನ ಧೂಳು ಒರೆಸುವವಳಂತೆ ಸೆರಗಿನ ತುದಿಯಿಂದ ಒರೆಸಿದಳು. ಗಂಟೆ ಹತ್ತೂವರೆ. ಪೆಟ್ಟಿಗೆಯ ಬೀಗ ತೆಗೆಯುವುದು ಮಧ್ಯಾಹ್ನ ಮೂರಕ್ಕೆ.

ಆ ಪತ್ರಾಗಾರದ ಚಿತ್ರವಿಭಾಗದಲ್ಲಿ ಒಂದು ಪದ್ಧತಿಯಿತ್ತು. ಪ್ರತಿಯೊಂದು ಹಳೆಯ ಫೋಟೋವನ್ನು ಇಬ್ಬರು, ಪರಸ್ಪರ ಮಾತಾಡದೆ, ಬೇರೆಬೇರೆಯಾಗಿ ನೋಡಿ ಒಂದೊಂದು ಕಾರ್ಡು ಬರೆಯಬೇಕು. ಬರೆದ ಕಾರ್ಡನ್ನು ಪೆಟ್ಟಿಗೆಗೆ ಹಾಕಿದ ಮೇಲೆ ಮುಟ್ಟುವಂತಿಲ್ಲ. ಮೂರು ಗಂಟೆಗೆ ಮುಖ್ಯಸ್ಥೆ ತಮ್ಮ ಕೀಲಿಯಿಂದ ತೆಗೆದು ಎರಡನ್ನೂ ಅಕ್ಕಪಕ್ಕ ಇಟ್ಟು ಓದುತ್ತಾರೆ. ಇಬ್ಬರೂ ಒಂದೇ ಮಾತು ಹೇಳಿದ್ದರೆ ಅದು ದಾಖಲೆ, ಹೆಚ್ಚುಕಡಿಮೆಯಿದ್ದರೆ ಇಬ್ಬರನ್ನೂ ಕರೆಸುತ್ತಾರೆ. ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದ್ದರು: ಕಾಣುವಷ್ಟು ಮಾತ್ರ ಬರೆಯಿರಿ. ತಾಯಿ ಮತ್ತು ಮಗು ಎಂದು ಬರೆಯುವ ಹಾಗಿಲ್ಲ, ಹೆಂಗಸು ಮತ್ತು ಮಗು ಎನ್ನಬೇಕು. ತಾಯ್ತನ ಫೋಟೋದಲ್ಲಿ ಎಲ್ಲಿ ಕಾಣುತ್ತದೆ? ಹನ್ನೊಂದು ವರ್ಷದಲ್ಲಿ ಅವಳು ಒಮ್ಮೆಯೂ ತಪ್ಪಿರಲಿಲ್ಲ. ಹೋದ ವರ್ಷ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ‘ದುಃಖದಲ್ಲಿರುವ ಮುದುಕ’ ಎಂದು ಬರೆದದ್ದಕ್ಕೆ, ‘ದುಃಖ ನಿಮಗೆ ಎಲ್ಲಿ ಕಾಣಿಸ್ತು, ಬೆರಳಿಟ್ಟು ತೋರಿಸಿ’ ಎಂದು ಇವಳೇ ಎಲ್ಲರೆದುರು ಕೇಳಿ ಅವಳನ್ನು ಅಳುವಂತೆ ಮಾಡಿದ್ದಳು. ಆ ಹುಡುಗಿ ಬೆರಳನ್ನು ಮುದುಕನ ಬಾಯಿಯ ಹತ್ತಿರ ಇಟ್ಟಿದ್ದಳು. ಈಗ ತನ್ನ ಬೆರಳನ್ನು ಎಲ್ಲಿಡುವುದು? ಡಬ್ಬದೊಳಗೆ ಏನಿದೆಯೆಂದು ಆ ಚಿತ್ರದಲ್ಲಿ ದೇವರಾಣೆಗೂ ಕಾಣುವುದಿಲ್ಲ. ಇನ್ನೊಂದು ನಿಯಮವೂ ಇತ್ತು: ಚಿತ್ರದಲ್ಲಿ ಪರಿಚಿತರಿದ್ದರೆ ಏನೂ ಬರೆಯದೆ ಲಕೋಟೆಯನ್ನು ಹಿಂದಿರುಗಿಸಬೇಕು. ಅವಳು ಹಿಂದಿರುಗಿಸಿರಲಿಲ್ಲ. ಎಡದಿಂದ ಮೂರನೆಯ ಗಂಡಸು ಅವಳ ಅಪ್ಪ.

ಹನ್ನೊಂದನೇ ಚಿತ್ರ. ಐವತ್ಮೂರು ವರ್ಷದ ಹಿಂದೆ, ಹೊಳೆಯ ಆಚೆ ದಡದಿಂದ ಬಂದು ನೆಲೆಸಿದ್ದ ಜನರ ವಾಚನಾಲಯವನ್ನು ಈಚೆಯವರು ಸುಟ್ಟ ದಿನ ಒಬ್ಬ ಫೋಟೋಗ್ರಾಫರ್ ತೆಗೆದ ಮೂವತ್ತು ಚಿತ್ರಗಳಲ್ಲಿ ಒಂದು. ಆತನ ಮೊಮ್ಮಕ್ಕಳು ಟ್ರಂಕು ಸಮೇತ ತಂದುಕೊಟ್ಟಿದ್ದರು. ಇನ್ನು ಹತ್ತು ದಿನಕ್ಕೆ ಪ್ರದರ್ಶನ. ಚಿತ್ರಗಳನ್ನು ಗೋಡೆಯಗಲ ಹಿಗ್ಗಿಸಿ, ಕಾರ್ಡಿನ ಮಾತುಗಳನ್ನೇ ಕೆಳಗೆ ಬರೆಸುತ್ತಾರೆ. ಆಚೆ ದಡದವರ ಮಕ್ಕಳು ಮೊಮ್ಮಕ್ಕಳು ಬಂದು ನಿಂತು ಓದುತ್ತಾರೆ. ಚಿತ್ರದಲ್ಲಿ ಬೀದಿ, ವಾಚನಾಲಯದ ಮುಂಬಾಗಿಲು, ಆರು ಜನ ಗಂಡಸರು. ಮೂರನೆಯವನ ಕೈಯಲ್ಲಿ ಎಣ್ಣೆ ತುಂಬಿ ಬರುವಂಥ ಚೌಕದ ತಗಡಿನ ಡಬ್ಬ, ಬಾಯಿ ಕತ್ತರಿಸಿ ಅಡ್ಡಕ್ಕೆ ಮರದ ಹಿಡಿ ಹೊಡೆದದ್ದು. ಆ ಕಾಲದಲ್ಲಿ ಎಲ್ಲರ ಮನೆಯಲ್ಲೂ ಅದರಲ್ಲೇ ನೀರು ಸೇದುತ್ತಿದ್ದರು, ಅಂಗಡಿಯಲ್ಲಿ ಅದರಲ್ಲೇ ಸೀಮೆಎಣ್ಣೆ ಅಳೆಯುತ್ತಿದ್ದರು. ಮುಖ ಅರ್ಧ ತಿರುಗಿದೆ. ಮುಖ ನೋಡಿ ಅವಳಿಗೆ ಗೊತ್ತಾದದ್ದಲ್ಲ. ಎಡಭುಜ ಒಂದಿಷ್ಟು ಇಳಿದಿತ್ತು. ಹೊಲಿಗೆಯಂತ್ರದ ಮುಂದೆ ಬಾಗಿ ಬಾಗಿ ಇಳಿದುಹೋದ ಆ ಭುಜದ ಮೇಲೆ ಅವಳು ಚಿಕ್ಕಂದಿನಲ್ಲಿ ಕೂತಿದ್ದಳು, ಜಾರುತ್ತಿದ್ದಳು, ಅದಕ್ಕೇ ಬಲಭುಜವೇ ಬೇಕೆಂದು ಹಟ ಮಾಡುತ್ತಿದ್ದಳು. ‘ನಿಮ್ಮಪ್ಪ ಬೆಂಕಿ ಆರಿಸೋಕೆ ಹೋಗಿ ಕೈ ಸುಟ್ಕೊಂಡ್ರು’ ಎಂದು ಅಮ್ಮ ಹೇಳುತ್ತಿದ್ದಳು, ಬಂದವರಿಗೆಲ್ಲ, ಅಪ್ಪ ತುಂಬುತೋಳಿನ ಅಂಗಿಯನ್ನೇ ಯಾಕೆ ಹಾಕುತ್ತಾನೆಂದು ಯಾರಾದರೂ ಕೇಳಿದಾಗ. ಐದನೇ ತರಗತಿಯಲ್ಲಿ ಅವಳು ಅದನ್ನೇ ಪ್ರಬಂಧ ಬರೆದು ಬಹುಮಾನ ಗೆದ್ದಳು, ವೇದಿಕೆಯ ಮೇಲೆ ಗಟ್ಟಿಯಾಗಿ ಓದಿದಳು. ಅಪ್ಪ ಮಾತ್ರ ಆ ದಿನ ತುರ್ತು ಹೊಲಿಗೆಯಿದೆಯೆಂದು ಬರಲಿಲ್ಲ. ಅಪ್ಪನ ಬಾಯಿಂದ ಆ ಕಥೆಯನ್ನು ತಾನು ಒಮ್ಮೆಯೂ ಕೇಳಿಲ್ಲವೆಂಬುದು ನಲವತ್ತಾರು ವರ್ಷದ ಅವಳಿಗೆ ಈಗ, ಧೂಳಿಲ್ಲದ ಪೆಟ್ಟಿಗೆಯನ್ನು ಒರೆಸುತ್ತ ನಿಂತಾಗ, ತಿಳಿಯಿತು.

ಮೇಜಿಗೆ ಹಿಂದಿರುಗುವ ದಾರಿಯಲ್ಲಿ ಹಿರಿಯ ಸಹೋದ್ಯೋಗಿ ಭೂತಗನ್ನಡಿಯವರು ಕರೆದರು. ಅವರಿಗೆ ಆ ಹೆಸರು ಬಂದದ್ದು ಕುತ್ತಿಗೆಗೆ ದಾರ ಕಟ್ಟಿ ಭೂತಗನ್ನಡಿ ನೇತುಹಾಕಿಕೊಂಡೇ ಊಟ ಮಾಡುತ್ತಾರೆಂದು. ನಿವೃತ್ತಿಗೆ ಇನ್ನು ಮೂರು ತಿಂಗಳಿತ್ತು, ಯಾರ ಮೇಲೂ ಹಗೆಯಿಲ್ಲದ ಮನುಷ್ಯ, ಅವರನ್ನು ಕಂಡು ಹೆದರಿದ್ದು ಅವಳಿಗೆ ಇದೇ ಮೊದಲು.

‘ಏನಮ್ಮಾ, ಮುಖ ಹೀಗಿದೆ? ಹನ್ನೊಂದು ನಿಮಗೇ ಬಂತಾ?’

‘ಮಾತಾಡ್ಬಾರ್ದು ಸಾರ್.’

‘ಗೊತ್ತಮ್ಮಾ, ನಾನೇನು ನಿನ್ನೆ ಮೊನ್ನೆ ಸೇರಿದವನಾ? ಏನೂ ಹೇಳಲ್ಲ. ಆ ಬಟ್ಟೆ ಒಂದು ಬಿಟ್ಟು. ಏಳಾ ಎಂಟಾ ಅಂತ ಬೆಳಿಗ್ಗೆಯಿಂದ ತಲೆ ತಿಂತಾ ಇದೆ.’

‘ಯಾವ ಬಟ್ಟೆ?’

ಅವರು ಕನ್ನಡಿಯಿಂದ ಕಣ್ಣು ತೆಗೆದು ಅವಳನ್ನು ನೋಡಿದರು. ‘ಮೇಲ್ಗಡೆ. ಮಾಳಿಗೆ ಕಿಟಕಿಯಿಂದ ಕಟ್ಟಿರೋ ಹಗ್ಗ. ನೋಡ್ಲಿಲ್ವಾ?’ ಆಮೇಲೆ ತಡೆಯಲಾರದೆ, ‘ಅಲ್ಲಾ, ಹೊಗೆ ಬರ್ತಿದ್ರೆ ಯಾರಾದ್ರೂ ಬಟ್ಟೆ ಹಂಗೇ ಬಿಡ್ತಾರಾ?’ ಎಂದು, ತಾವೇ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ‘ಊಹೆ, ಊಹೆ. ಬರೆದಿಲ್ಲ ಬಿಡಿ.’

ಅವಳು ಬಟ್ಟೆ ನೋಡಿರಲಿಲ್ಲ. ಲಕೋಟೆಯನ್ನು ಮತ್ತೆ ಬಿಚ್ಚಿ ದೀಪದ ಕೆಳಗಿಟ್ಟಾಗ ಅವು ಅಲ್ಲೇ ಇದ್ದವು, ಚಿತ್ರದ ಮೇಲಿನ ಅಂಚಿನಲ್ಲಿ, ಸ್ವಚ್ಛವಾಗಿ, ಸಾಲಾಗಿ. ಒಂದು ಹಾಸು, ಎರಡು ಶರಟು, ಒಂದು ಟವಲು, ಇನ್ನೇನೇನೋ ಒಳಬಟ್ಟೆ, ಕೊನೆಯಲ್ಲಿ ಒಂದು ಪುಟ್ಟ ಫ್ರಾಕು. ಎಂಟು. ಹನ್ನೊಂದು ವರ್ಷ ಮೂಲೆಮೂಲೆ ಹುಡುಕಿ ನೋಡಿದ ಕಣ್ಣು ಇವತ್ತು ಡಬ್ಬದಿಂದ ಒಂದು ಗೇಣು ಮೇಲಕ್ಕೆ ಹೋಗಿರಲಿಲ್ಲ. ಎಲ್ಲಿಯೂ ಹೊಗೆಯಿಲ್ಲ. ಬೆಂಕಿ ಬೀಳದ ಮನೆಯ ಮುಂದೆ ನೀರಿನ ಡಬ್ಬ ಹಿಡಿದು ಯಾರು ನಿಲ್ಲುತ್ತಾರೆ? ಆದರೆ ಬೆಂಕಿ ಹಿಂಬದಿಯಿಂದ ಹತ್ತಿತು ಎಂದು ಆಗಿನ ತನಿಖೆಯ ವರದಿಯಲ್ಲಿ ಓದಿದ್ದಳು. ಹಿಂದೆ ಹತ್ತಿ, ಮುಂದೆ ಹೊಗೆ ಬರುವುದಕ್ಕೆ ಹೊತ್ತು ಹಿಡಿಯುವುದಿಲ್ಲವೇ? ಸುಮಾರು ನಾಲ್ಕು ಗಂಟೆಗೆ ಎಂದು ವರದಿ. ನಾಲ್ಕೂ ಹತ್ತು ಎಂದು ಫೋಟೋದ ಹಿಂದೆ ಪೆನ್ಸಿಲಿನಲ್ಲಿತ್ತು. ಸುಮಾರು ಎಂಬ ಒಂದು ಮಾತನ್ನು ಹಿಡಿದು ಅವಳು ನೇತಾಡಿದಳು. ವರದಿಯ ಕೊನೆಯ ಪುಟವನ್ನು ಮಾತ್ರ ನೆನಪಿಗೆ ಬರಗೊಡಲಿಲ್ಲ: ಮಾಳಿಗೆಯ ಮೇಲೆ ವಾಚನಾಲಯ ನೋಡಿಕೊಳ್ಳುವವನ ಸಂಸಾರವಿತ್ತು, ಅವನು ಹೊರಗೆ ಹೋಗಿದ್ದ, ಹೆಂಡತಿ ಮತ್ತು ನಾಲ್ಕು ವರ್ಷದ ಮಗಳು ಕೆಳಗೆ ಇಳಿಯಲಿಲ್ಲ.

ಕಾಲೇಜಿನಲ್ಲಿ ತತ್ವಶಾಸ್ತ್ರದ ಮೇಷ್ಟ್ರೊಬ್ಬರಿದ್ದರು, ಕೋಟಿನ ತೋಳಿಗೆ ಸದಾ ಸೀಮೆಸುಣ್ಣ. ಕಳೆದುಹೋದದ್ದನ್ನು ಇದ್ದದ್ದು ಇದ್ದ ಹಾಗೆ ತೋರಿಸುತ್ತೇನೆ ಅನ್ನುವವನು ತನ್ನ ಕಣ್ಣನ್ನು ಮರೆತಿರುತ್ತಾನೆ ಎಂದು ಅವರು ಪಾಠ ಮಾಡುತ್ತಿದ್ದರು. ಯಾರೂ ಖಾಲಿ ಮನಸ್ಸಿನಿಂದ ಹಳೆಯದರ ಹತ್ತಿರ ಹೋಗುವುದಿಲ್ಲ, ಹೋಗುವಾಗಲೇ ಒಂದು ಊಹೆ ಹೊತ್ತುಕೊಂಡು ಹೋಗುತ್ತಾರೆ, ಆ ಊಹೆಯೇ ಒಳಗೆ ಹೋಗುವ ಬಾಗಿಲು. ಅವಳು ಎದ್ದು ನಿಂತು ಕೇಳಿದ್ದಳು: ‘ಹಾಗಾದ್ರೆ ಅರ್ಥ ಮಾಡ್ಕೊಳ್ಳೋದಕ್ಕೂ ಸುಳ್ಳು ಹೇಳೋದಕ್ಕೂ ಏನ್ ಸಾರ್ ವ್ಯತ್ಯಾಸ?’ ಹಿಂದಿನ ಬೆಂಚಿನವರು ಗೊಳ್ಳೆಂದು ನಕ್ಕಿದ್ದರು. ಮೇಷ್ಟ್ರು ನಗಲಿಲ್ಲ. ‘ನಿಮ್ಮ ಊಹೆ ತಪ್ಪು ಅಂತ ಎದುರಿಗಿರೋದು ಹೇಳೋಕೆ ಬಂದ್ರೆ ಕೇಳಿಸ್ಕೊಳ್ತೀರಾ ಇಲ್ವಾ, ಅಷ್ಟೇ ವ್ಯತ್ಯಾಸ. ಕೂತ್ಕೊಳ್ಳಿ’ ಅಂದಿದ್ದರು. ಆ ಮಾತು ಅವಳಿಗೆ ಆಗ ಹಿಡಿಸಿರಲಿಲ್ಲ. ಕಾಣುವಷ್ಟು ಮಾತ್ರ ಬರೆಯುವ ಕೆಲಸ ಸಿಕ್ಕಾಗ ಬದುಕಿದೆಯಾ ಬಡಜೀವವೇ ಅನ್ನಿಸಿತ್ತು, ಇಲ್ಲಿ ತಾನು ಎಲ್ಲಿಯೂ ಇರಬೇಕಾಗಿಲ್ಲ ಎಂದು. ಈಗ ನೋಡಿದರೆ ಕಾರ್ಡಿನ ತುಂಬ ತಾನೇ ಇದ್ದಳು. ನೀರು ಎಂದು ಬರೆದದ್ದು ತನ್ನ ಕೈಯಲ್ಲ, ಅಮ್ಮನ ನಾಲಗೆ, ಐದನೇ ತರಗತಿಯ ಬಹುಮಾನ. ಅವಳು ಸುತ್ತ ನೋಡಿ, ಹನ್ನೊಂದು ವರ್ಷದಲ್ಲಿ ಮೊದಲ ಸಲ, ಮೊಬೈಲನ್ನು ಲಕೋಟೆಯ ಮೇಲೆ ಹಿಡಿದು ಚಿತ್ರದ ಚಿತ್ರ ತೆಗೆದುಕೊಂಡಳು. ಎರಡು ಸಲ ಅಲುಗಿತು, ಮೂರನೇ ಸಲಕ್ಕೆ ಸರಿಯಾಗಿ ಬಂತು.

ಊಟದ ಬಿಡುವಿನಲ್ಲಿ ಬಸ್ಸು ಹತ್ತಿದಳು. ಬಸ್ಸಿನಲ್ಲಿ ಎದುರಿಗೆ ಕೂತ ಮುದುಕರನ್ನೆಲ್ಲ ನೋಡಿದಳು, ಅವರ ಕೈಗಳನ್ನು. ಒಬ್ಬೊಬ್ಬರ ಕೈಗೂ ಒಂದೊಂದು ಡಬ್ಬ ಕೊಟ್ಟು ನೋಡಿದಳು. ಮನೆಯಲ್ಲಿ ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅವಳದೇ ಕೋಟು ಮಡಿಲಲ್ಲಿಟ್ಟುಕೊಂಡು ಗುಂಡಿ ಹೊಲಿಯುತ್ತಿದ್ದ. ಎಪ್ಪತ್ತೊಂಬತ್ತಕ್ಕೂ ಸೂಜಿಗೆ ದಾರ ತಾನೇ ಪೋಣಿಸುತ್ತಿದ್ದ. ಬಲಗೈಯ ಸುಟ್ಟ ಚರ್ಮ ಮಣಿಕಟ್ಟಿನ ಹತ್ತಿರ ಅಂಗಿಯ ತೋಳಿನಿಂದ ಸ್ವಲ್ಪ ಹೊರಗೆ ಕಾಣುತ್ತಿತ್ತು, ಹಾಲಿನ ಕೆನೆ ಸುಕ್ಕುಗಟ್ಟಿದ ಹಾಗೆ.

‘ಇಷ್ಟೊತ್ತಿಗೆ ಬಂದೆ? ಜ್ವರವಾ?’

‘ಇಲ್ಲಪ್ಪಾ. ಒಂದು ಫೋಟೋ ತೋರಿಸ್ಬೇಕಿತ್ತು.’

ಅಪ್ಪ ಕನ್ನಡಕ ಮೇಲೆತ್ತಿ, ಮೊಬೈಲನ್ನು ತೋಳಿನಷ್ಟು ದೂರ ಹಿಡಿದು ನೋಡಿದ. ಅವಳು ಅಪ್ಪನ ಮುಖವನ್ನು ನೋಡಿದಳು, ನೋಡುವುದೇ ಕಸುಬಾದವಳು, ಆ ಮುಖದಲ್ಲಿ ಅವಳಿಗೆ ಏನೂ ಕಾಣಲಿಲ್ಲ. ಇದು ನಾನಲ್ಲ ಎಂದುಬಿಡಲಿ ಎಂದು ಬೇಡಿಕೊಂಡಳು. ಅಪ್ಪ ಗಂಡಸರ ಕಡೆ ನೋಡುತ್ತಲೇ ಇರಲಿಲ್ಲ. ಹೆಬ್ಬೆರಳು ಮೇಲಿನ ಅಂಚಿಗೆ ಹೋಯಿತು.

‘ಇದು ಹಳದಿ’ ಅಂದ.

‘ಯಾವುದು?’

‘ಈ ಫ್ರಾಕು. ಇದ್ರಲ್ಲಿ ಕಪ್ಪು ಬಿಳುಪು ಕಾಣುತ್ತೆ. ಹಳದಿ ಅದು, ಕತ್ತಿಗೆ ಬಿಳಿ ಪಟ್ಟಿ. ನಾನೇ ಹೊಲಿದಿದ್ದು. ಅಳತೆ ಕೊಡೋಕೆ ಬಂದಾಗ ಆ ಮಗು ಒಂದು ಕಡೆ ನಿಲ್ತಾನೇ ಇರ್ಲಿಲ್ಲ.’ ಸೂಜಿಯನ್ನು ಕೋಟಿನ ಅಂಚಿಗೆ ಚುಚ್ಚಿಟ್ಟು, ‘ಇದನ್ನ ಏನ್ ಮಾಡ್ತೀರಿ?’ ಎಂದು ಕೇಳಿದ.

‘ಪ್ರದರ್ಶನಕ್ಕೆ ಹಾಕ್ತಾರೆ. ದೊಡ್ಡದಾಗಿ. ಕೆಳಗೆ ಬರೀಬೇಕು.’

‘ನೀನು ಏನಂತ ಬರ್ದೆ?’

‘ನೀರು ಅಂತ.’

ಅಪ್ಪ ತಲೆಯಾಡಿಸಿದ. ಒಪ್ಪಿಗೆಯ ಹಾಗೂ ಇತ್ತು, ಎಲ್ಲೋ ಮೊದಲೇ ಕೇಳಿದ್ದ ಮಾತಿಗೆ ತಲೆಯಾಡಿಸುವ ಹಾಗೂ ಇತ್ತು. ‘ನಿಮ್ಮಮ್ಮನೂ ಹಾಗೇ ಅಂದ್ಲು. ಸಂಜೆ ಮನೆಗೆ ಬಂದೆ, ಕೈ ಹೀಗಾಗಿತ್ತು. ನಾನು ಬಾಯಿ ಬಿಡೋಕೆ ಮುಂಚೇನೇ, ಆರಿಸೋಕೆ ಹೋಗಿದ್ರಾ ಅಂದ್ಲು. ಬೆಣ್ಣೆ ಹಚ್ಚಿದ್ಲು. ಆಮೇಲೆ ನಾನು ಏನೂ ಹೇಳೋದೇ ಬೇಕಾಗ್ಲಿಲ್ಲ.’

ಕೋಣೆಯಲ್ಲಿ ಗಡಿಯಾರವಿತ್ತು, ಹೊಲಿಗೆಯಂತ್ರವಿತ್ತು, ಗೋಡೆಗೆ ಅಮ್ಮನ ಫೋಟೋ ಇತ್ತು. ಆರು ವರ್ಷದ ಹಿಂದೆ ತೀರಿಕೊಂಡ ಅಮ್ಮ ಎಂದಿನಂತೆ ಬಾಯಿ ಬಿಗಿದುಕೊಂಡೇ ಇದ್ದಳು. ಗೊತ್ತಿಲ್ಲದೆ ಕೇಳಿದಳೋ, ಗೊತ್ತಿದ್ದೇ ಕೇಳಿದಳೋ? ಮಗಳಿಗೆ ಭಯವಾಯಿತು. ಅಪ್ಪನನ್ನು ಕಂಡು ಭಯವೋ, ಇಷ್ಟು ವರ್ಷ ಅಪ್ಪನೆಂದು ತಾನು ಓದಿಕೊಂಡು ಬಂದದ್ದು ಕೈತಪ್ಪಿ ಹೋಗುವ ಭಯವೋ.

‘ಕೇಳು’ ಅಂದ ಅಪ್ಪ. ‘ನೀನು ಕೇಳಿದ್ರೆ ಹೇಳ್ತೀನಿ. ಇಲ್ಲೀತನಕ ಯಾರೂ ಕೇಳಿಲ್ಲ.’

‘ಹೊತ್ತಾಯ್ತಪ್ಪಾ, ಬಸ್ಸು ತಪ್ಪುತ್ತೆ’ ಎಂದಳು. ಅಪ್ಪ ಕೋಟು ಕೊಡವಿ ಅವಳಿಗೆ ಹಿಡಿದ, ಅವಳು ತೋಳು ತೂರಿಸಿದಳು, ಹೊಸ ಗುಂಡಿ ಹಾಕಿಕೊಂಡಳು. ಬೀದಿಯ ತಿರುವಿನ ತನಕ ಓಡಿಯೇ ಹೋದಳು. ಬಸ್ಸು ಬರಲು ಇನ್ನೂ ಹದಿನೈದು ನಿಮಿಷವಿತ್ತು.

ಮೂರು ಗಂಟೆಗೆ ಮುಖ್ಯಸ್ಥೆ ಇಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ಎರಡು ಕಾರ್ಡು ಅಕ್ಕಪಕ್ಕ ಇದ್ದವು. ಭೂತಗನ್ನಡಿಯವರ ಕಾರ್ಡು ಎಂದಿನಂತೆ ಇರುವೆಸಾಲಿನ ಅಕ್ಷರ: ಎಂಟು ಬಟ್ಟೆ, ಅದರಲ್ಲಿ ಒಂದು ಮಗುವಿನದು, ಹೊಗೆ ಕಾಣುವುದಿಲ್ಲ, ಮೂರನೆಯ ಗಂಡಸಿನ ಕೈಯಲ್ಲಿ ತಗಡಿನ ಡಬ್ಬ, ಒಳಗೇನಿದೆ ಕಾಣುವುದಿಲ್ಲ. ಮುಖ್ಯಸ್ಥೆ ದನಿ ಎತ್ತುವವರಲ್ಲ. ಬಿಳಿ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ತಮ್ಮ ಮೇಜಿನ ಭೂತಗನ್ನಡಿಯನ್ನು ಚಿತ್ರದ ಸಮೇತ ಅವಳ ಕಡೆ ಸರಿಸಿದರು.

‘ನೀರು ನಿಮಗೆ ಎಲ್ಲಿ ಕಾಣಿಸ್ತು, ತೋರಿಸಿ.’

ಅದೇ ಮಾತು, ಹೋದ ವರ್ಷ ತಾನು ಆಡಿದ್ದು. ಆ ಹುಡುಗಿ ಬಾಗಿಲ ಹತ್ತಿರದ ಮೇಜಿನಲ್ಲಿ ತಲೆ ಬಗ್ಗಿಸಿ ಬರೆಯುತ್ತಿದ್ದಳು, ಬರೆಯುವುದು ನಿಂತಿತ್ತು. ಬೆಳಕು ಬಿದ್ದು ಹೊಳೆಯುವ ಹಾಗಿತ್ತು ಎನ್ನಬಹುದಿತ್ತು. ಕಣ್ತಪ್ಪು ಎನ್ನಬಹುದಿತ್ತು, ಭೂತಗನ್ನಡಿಯವರು, ‘ವಯಸ್ಸಾದ್ರೆ ನನಗೂ ಹಾಗಾಗುತ್ತೆ ಮೇಡಂ, ಅವ್ರಿಗೆ ಬೆಳಿಗ್ಗೆಯಿಂದ ಮೈ ಸರಿ ಇಲ್ಲ’ ಎಂದು ಅವಳ ಪರವಾಗಿ ಹೇಳಿಯೂ ಬಿಟ್ಟರು. ಅವರ ದಾಕ್ಷಿಣ್ಯ ಅವಳಿಗೆ ಬೈಗುಳಕ್ಕಿಂತ ಹೆಚ್ಚು ತಾಗಿತು.

‘ಕಾಣಿಸ್ಲಿಲ್ಲ ಮೇಡಂ’ ಎಂದಳು.

‘ಹಾಗಾದ್ರೆ ತಿದ್ದಿ.’

ಅಲ್ಲಿ ತಿದ್ದುವುದಕ್ಕೂ ಒಂದು ಕ್ರಮವಿತ್ತು. ಅಳಿಸುವಂತಿಲ್ಲ, ಮೇಲೆ ಬಿಳಿ ಹಚ್ಚುವಂತಿಲ್ಲ. ತಪ್ಪಿನ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು, ಕೆಳಗಿನದು ಓದಲು ಬರುವ ಹಾಗೆ. ಪಕ್ಕದ ಕಾಲಮ್ಮಿನಲ್ಲಿ ಕಾರಣ ಬರೆದು ಸಹಿ ಹಾಕಬೇಕು. ನೀರು ಹೋದರೂ ನೀರೆಂದು ಬರೆದದ್ದು ಉಳಿಯುತ್ತದೆ. ಅವಳು ಗೆರೆ ಎಳೆದಳು. ಕಾರಣದ ಕಾಲಮ್ಮು ಎರಡು ಬೆರಳಿನಷ್ಟು ಅಗಲ. ‘ಗಮನವಿಲ್ಲದೆ’ ಎಂದು ಎಲ್ಲರೂ ಬರೆಯುತ್ತಿದ್ದರು, ಅಷ್ಟು ಸಾಕಿತ್ತು, ಮುಖ್ಯಸ್ಥೆ ಆಗಲೇ ಮುಂದಿನ ಲಕೋಟೆಗೆ ಕೈ ಹಾಕಿದ್ದರು. ಪೆನ್ನು ಕಾಗದಕ್ಕೆ ತಾಗಿಸಿ ನಿಂತಳು, ಶಾಯಿ ಒಂದು ಚುಕ್ಕೆಯಾಗಿ ಹರಡಿತು. ಮೇಷ್ಟ್ರ ಕೋಟಿನ ಸೀಮೆಸುಣ್ಣ ನೆನಪಾಯಿತು. ಕೇಳು ಎಂದಿದ್ದ ಅಪ್ಪನ ದನಿಯಲ್ಲಿ ಬೇಡಿಕೆಯಿತ್ತೆಂದು ಈಗ ತಿಳಿಯಿತು. ಅಲ್ಲಿದ್ದಾಗ ಅದು ಬೆದರಿಕೆಯ ಹಾಗೆ ಕೇಳಿಸಿತ್ತು. ಅಕ್ಷರ ಸಣ್ಣ ಮಾಡಿ ಬರೆದಳು: ‘ಮೂರನೆಯವರು ನನ್ನ ತಂದೆ. ಡಬ್ಬದಲ್ಲಿ ಏನಿತ್ತೆಂದು ಹೇಳಲು ಅವರು ಇಂದು ಸಿದ್ಧರಿದ್ದರು. ನಾನು ಕೇಳಲಿಲ್ಲ.’ ಸಹಿ ಹಾಕಿದಳು.

ಮುಖ್ಯಸ್ಥೆ ಓದಿದರು. ಭೂತಗನ್ನಡಿಯವರು ಓದಿ, ಕುತ್ತಿಗೆಯ ದಾರದ ಜೊತೆ ಆಡತೊಡಗಿದರು. ಲಕೋಟೆ ಹಿಂದಿರುಗಿಸದ ತಪ್ಪಿಗೆ ಬೈಯುತ್ತಾರೆಂದು ಅವಳು ಕಾದಳು, ಕೆಲಸವೇ ಹೋಗಬಹುದೆಂದೂ ಕಾದಳು.

‘ಮನೇಲಿದಾರಾ ಈಗ?’ ಎಂದರು ಮುಖ್ಯಸ್ಥೆ.

‘ಇದಾರೆ.’

‘ನಾಳೆ ಬೆಳಿಗ್ಗೆ ತನಕ ಈ ಕಾರ್ಡು ನನ್ನ ಮೇಜಿನ ಮೇಲೇ ಇರುತ್ತೆ. ನಿಯಮದ ಮಾತು ಆಮೇಲೆ ಆಡೋಣ. ಹೋಗಿ.’

ಸಂಜೆಯ ಬಿಸಿಲು ಇನ್ನೂ ಇತ್ತು. ಬಸ್ಸಿಳಿದು ನಡೆಯುವಾಗ ಮನೆ ಹತ್ತಿರವಾಗುವುದು ಬೇಡವೆನ್ನಿಸಿ ಎರಡು ಅಂಗಡಿಯ ಮುಂದೆ ಸುಮ್ಮನೆ ನಿಂತಳು. ಅಪ್ಪನ ಕೈ ತನ್ನ ಹಣೆ ಮುಟ್ಟಿದ ಸಲಗಳೆಲ್ಲ, ಹಬೆಯೇಳುವ ಹಾಲು ಆರಿಸಿಕೊಟ್ಟದ್ದು, ತನ್ನ ಮದುವೆಯ ದಿನ ಸುಟ್ಟ ಕೈಯನ್ನು ಮುಚ್ಚಿಟ್ಟುಕೊಂಡು ಎಡಗೈಯಿಂದ ಬೆನ್ನು ಸವರಿದ್ದು, ಒಂದೊಂದೂ ಬಂದು ಅವಳನ್ನು ನೋಡಿ ಹೋಯಿತು. ನಾಳೆ ಇವನ್ನೆಲ್ಲ ಹೇಗೆ ಓದುವುದೆಂದು ಅವಳಿಗೆ ತಿಳಿಯದು. ಬಾಗಿಲು ತೆರೆದೇ ಇತ್ತು. ಅಪ್ಪ ಕಿಟಕಿಯ ಪಕ್ಕದಲ್ಲೇ ಇದ್ದ, ಮಡಿಲಲ್ಲಿ ಹೊಲಿಗೆಯಿರಲಿಲ್ಲ, ಎದುರಿಗೆ ಇನ್ನೊಂದು ಕುರ್ಚಿ ಎಳೆದಿಟ್ಟಿದ್ದ. ಕೂತರೆ ಕೇಳಲಾರೆನೆಂದು ಹೆದರಿ ಅವಳು ನಿಂತೇ ಕೇಳಿದಳು.

‘ಡಬ್ಬದಲ್ಲಿ ಏನಿತ್ತಪ್ಪಾ?’

ಅಪ್ಪ ಉಸಿರು ಬಿಟ್ಟ. ಬಹಳ ದೂರದಿಂದ ಹೊತ್ತುತಂದದ್ದನ್ನು ಕೆಳಗಿಡುವವನ ಉಸಿರು.

‘ಎರಡು ಸಲ ಹೋದೆ. ಎರಡನೇ ಸಲ ನೀರು. ಮೇಲೆ ಯಾರೋ ಕಿರುಚಿದ್ದು ಕೇಳಿಸ್ತು, ಬಾವಿಗೆ ಓಡಿದೆ, ಅದೇ ಡಬ್ಬ. ಎಣ್ಣೆ ಪೂರ್ತಿ ಹೋಗಿರ್ಲಿಲ್ಲ ಅದ್ರಲ್ಲಿ, ಹಾಕಿದ್ದೇ ಕೈಗೆ ಹತ್ಕೊಳ್ತು.’ ಸುಟ್ಟ ಕೈಯನ್ನು ಮಂಡಿಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡ. ‘ಮೇಲೆ ಜನ ಇದಾರೆ ಅಂತ ಗೊತ್ತಿರ್ಲಿಲ್ಲ ಅಂತ ನನಗೆ ನಾನೇ ಹೇಳ್ಕೋತಿದ್ದೆ. ಬಟ್ಟೆ ಒಣಗ್ತಾ ಇತ್ತಲ್ಲ. ತಲೆ ಎತ್ತಿದ್ರೆ ಕಾಣ್ತಿತ್ತು. ಎತ್ತಲಿಲ್ಲ.’

ಅವಳ ಕೈಯಲ್ಲಿ ಮೊಬೈಲು ಇತ್ತು, ಚಿತ್ರ ತೆರೆದೇ ಇತ್ತು. ಕೇಳಬೇಕಾದದ್ದು ಇನ್ನೊಂದೇ ಉಳಿದಿತ್ತು, ಈ ಚಿತ್ರ ಮೊದಲ ಸಲದ್ದೋ ಎರಡನೇ ಸಲದ್ದೋ ಎಂದು. ಅಪ್ಪನೇ ಕೈ ಚಾಚಿ ಮೊಬೈಲು ತೆಗೆದುಕೊಂಡು, ಹೆಬ್ಬೆರಳನ್ನು ಆ ಪುಟ್ಟ ಫ್ರಾಕಿನ ಕೆಳಗಿಟ್ಟು ಅವಳ ಕಡೆ ತಿರುಗಿಸಿದ.

‘ಎರಡನೇ ಸಲ ಹೋದಾಗ ಇದು ಇರ್ಲಿಲ್ಲ’ ಅಂದ. ‘ಹಗ್ಗಾನೇ ಇರ್ಲಿಲ್ಲ. ಬರ್ಕೋ.’